ಉಸಿರು ಎಳ್ಕೊಳ್ಳಿ… ಹಿಡ್ಕೊಳ್ಳಿ… ಬಿಡಿ

ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಮುಂದಿನ ಬೆಂಚು. ಅಮ್ಮನ ಮಂಡಿನೋವಿಗೆಂದು ಚೀಟಿ ಹಿಡಿದು ಕೂತಿದ್ದೆವು. ನಮಗಿಂತ ಮುಂದೆ ಎಪ್ಪತ್ತು ದಾಟಿದ ರೈತರೊಬ್ಬರಿದ್ದರು. ಮೂರು ವಾರದಿಂದ ಬಿಡದ ಕೆಮ್ಮು. ಅವರು ಒಳಗೆ ಹೋದ ಮೇಲೂ ಬಾಗಿಲು ಸ್ವಲ್ಪ ಹೊತ್ತು ತೆರೆದೇ ಇತ್ತು.

“ಯಜಮಾನ್ರೇ, ಅಂಗಿ ಬಿಚ್ಚಿ. ಕೊರಳಲ್ಲಿರೋ ಕರಡಿಗೆ ತೆಗೆದು ಮುಷ್ಟಿಯಲ್ಲಿ ಹಿಡ್ಕೊಳ್ಳಿ, ಎದೆ ಮೇಲೆ ಬೇಡ. ಎದೆನ ಈ ಹಲಗೆಗೆ ಒತ್ತಿ. ಗದ್ದ ಮೇಲೆ. ಕೈ ಎರಡೂ ಸೊಂಟದ ಮೇಲಿಡಿ, ಮೊಣಕೈ ಮುಂದಕ್ಕೆ. ಇನ್ನೂ ಮುಂದಕ್ಕೆ. ಹಾಂ, ಹಾಗೇ ಇರಿ.”

ಬಾಗಿಲು ಮುಚ್ಚಿತು. ಮೇಲಿನ ಕೆಂಪು ದೀಪ ಹತ್ತಿತು. ಒಳಗಿಂದ ಅದೇ ಹಳೆಯ ಮಂತ್ರ ಕೇಳಿಸಿತು: “ಉಸಿರು ಎಳ್ಕೊಳ್ಳಿ… ಹಿಡ್ಕೊಳ್ಳಿ… ಬಿಡಿ.” ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೊರಬಂದ ಯಜಮಾನರು, “ಒಂದು ಬಟನ್ ಒತ್ತೋಕೆ ಇಷ್ಟೊಂದು ರಗಳೆ!” ಎಂದು ಗೊಣಗಿದರು.

ಆ ಗೊಣಗಾಟ ನಮ್ಮೆಲ್ಲರದ್ದೂ ಹೌದು. ಚಿತ್ರ ತೆಗೆಯುವುದು ಯಂತ್ರ, ರೋಗ ಹೇಳುವವರು ಡಾಕ್ಟರು. ನಡುವೆ ಇರುವ ಟೆಕ್ನಿಷಿಯನ್ ಬಟನ್ ಒತ್ತುವವರು ಎಂದುಕೊಂಡಿದ್ದೇವೆ. ಕಿರಣ ಮೈಯನ್ನು ಹಾದುಹೋಗಲು ಹಿಡಿಯುವುದು ಸೆಕೆಂಡಿನ ನೂರರಲ್ಲಿ ಕೆಲವು ಭಾಗ ಅಷ್ಟೆ. ಅದಕ್ಕೆ ಮುಂಚಿನ ನಾಲ್ಕು ನಿಮಿಷದ ‘ರಗಳೆ’ಯಲ್ಲಿಯೇ ಚಿತ್ರ ತಯಾರಾಗುವುದು. ಅಲ್ಲಿ ಕೇಳುವ ಒಂದೊಂದು ಅಪ್ಪಣೆಯ ಹಿಂದೆಯೂ ಒಂದು ಕಾರಣವಿದೆ. ಅದು ಗೊತ್ತಿದ್ದರೆ ನಾವೂ ಒಳ್ಳೆಯ ಚಿತ್ರಕ್ಕೆ ಕೈಜೋಡಿಸಬಹುದು.

ಪರದೆಗೆ ಒತ್ತಿದ ಗೊಂಬೆ

ಎಕ್ಸ್‌ರೇ ಎಂದರೆ ನೆರಳು. ತೊಗಲುಗೊಂಬೆಯಾಟ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹಿಂದೆ ದೀಪ, ಮುಂದೆ ಬಿಳಿ ಪರದೆ, ನಡುವೆ ಗೊಂಬೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಗೀರಿದಷ್ಟು ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ಊದಿಕೊಂಡು ಮಸುಕಾಗುತ್ತದೆ. ಎಕ್ಸ್‌ರೇ ಕೋಣೆಯಲ್ಲಿ ದೀಪದ ಜಾಗದಲ್ಲಿ ಟ್ಯೂಬ್, ಪರದೆಯ ಜಾಗದಲ್ಲಿ ಹಲಗೆಯೊಳಗಿನ ಕ್ಯಾಸೆಟ್. ಗೊಂಬೆ ನಾವು.

ಹೃದಯ ಇರುವುದು ಎದೆಯ ಮುಂಭಾಗಕ್ಕೆ ಹತ್ತಿರ. ಆದ್ದರಿಂದ ಎದೆಯನ್ನೇ ಹಲಗೆಗೆ ಒತ್ತಿಸಿ, ಬೆನ್ನ ಹಿಂದಿನಿಂದ ಸುಮಾರು ಆರು ಅಡಿ ದೂರದಲ್ಲಿ ಟ್ಯೂಬ್ ಇಟ್ಟು ಕಿರಣ ಹಾಯಿಸುತ್ತಾರೆ. ಹೃದಯದ ನೆರಳು ಇದ್ದಷ್ಟೇ ಅಳತೆಗೆ ಹತ್ತಿರವಾಗಿ ಬೀಳುತ್ತದೆ. ಐಸಿಯುನಲ್ಲಿ ಮಲಗಿದ ರೋಗಿಗೆ ಇದು ಸಾಧ್ಯವಿಲ್ಲ. ಅಲ್ಲಿ ಬೆನ್ನಡಿಗೆ ಕ್ಯಾಸೆಟ್ ತೂರಿಸಿ, ಪೋರ್ಟಬಲ್ ಯಂತ್ರದಿಂದ ಹತ್ತಿರದಿಂದಲೇ ತೆಗೆಯಬೇಕು. ಹೃದಯ ಊದಿದಂತೆ ಕಾಣುತ್ತದೆ. ಅದಕ್ಕೇ ಟೆಕ್ನಿಷಿಯನ್ ಆ ಚಿತ್ರದ ಮೇಲೆ ಹೇಗೆ ತೆಗೆದದ್ದು ಎಂದು ಗುರುತು ಹಾಕುತ್ತಾರೆ. ಆ ಗುರುತು ಬಿಟ್ಟುಹೋದರೆ ಇಲ್ಲದ ಹೃದಯದ ಕಾಯಿಲೆಯ ಅನುಮಾನ ಹುಟ್ಟಬಹುದು.

ಮೊಣಕೈ ಮುಂದಕ್ಕೆ ಯಾಕೆ? ಬೆನ್ನ ಮೇಲಿನ ರೆಕ್ಕೆಯಂಥ ಹೆಗಲೆಲುಬುಗಳು ಶ್ವಾಸಕೋಶದ ಮೇಲೆಯೇ ಇವೆ. ಮೊಣಕೈ ಮುಂದೆ ತಂದರೆ ಅವು ಪಕ್ಕಕ್ಕೆ ಸರಿದು ಶ್ವಾಸಕೋಶದ ಅಂಗಳ ಖಾಲಿಯಾಗುತ್ತದೆ. ಗದ್ದ ಎತ್ತಿಸುವುದು ಶ್ವಾಸಕೋಶದ ತುದಿಯ ಮೇಲೆ ಅದರ ನೆರಳು ಬೀಳದಿರಲಿ ಎಂದು. ಕ್ಷಯದ ಕಲೆ ಹೆಚ್ಚಾಗಿ ಅಡಗುವುದು ಆ ತುದಿಯಲ್ಲೇ. ಉಸಿರೆಳೆದಾಗ ವಪೆ ಕೆಳಗಿಳಿದು ಶ್ವಾಸಕೋಶ ಅರಳುತ್ತದೆ. ಅರೆ ಉಸಿರಿನಲ್ಲಿ ತೆಗೆದರೆ ಅದರ ಬುಡ ಮುದುಡಿ ಬೆಳ್ಳಗೆ ಕಂಡು ನ್ಯುಮೋನಿಯಾದಂತೆ ತೋರುತ್ತದೆ. ಚಿತ್ರ ಕೈಗೆ ಬಂದಾಗ ಟೆಕ್ನಿಷಿಯನ್ ಮೊದಲು ಪಕ್ಕೆಲುಬು ಎಣಿಸುವುದು ಇದಕ್ಕೇ: ಬೆನ್ನಿನ ಕಡೆಯ ಒಂಬತ್ತು-ಹತ್ತು ಪಕ್ಕೆಲುಬು ವಪೆಯ ಮೇಲೆ ಕಂಡರೆ ಉಸಿರು ಸಾಕಷ್ಟು ಎಳೆದಿದ್ದಾರೆ ಎಂದರ್ಥ.

1895ರ ನವೆಂಬರ್ 8ರಂದು ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣವನ್ನು ಕಂಡರು. ಏನೆಂದು ತಿಳಿಯದ್ದರಿಂದ ಗಣಿತದ ‘ಎಕ್ಸ್’ ಅನ್ನೇ ಹೆಸರಾಗಿ ಇಟ್ಟರು. ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಅದೇ ಡಿಸೆಂಬರ್ 22ರಂದು ಹೆಂಡತಿ ಆನಾ ಬೆರ್ಥಾ ಅವರ ಕೈಯ ಚಿತ್ರ ತೆಗೆದರು. ಅದರಲ್ಲಿ ಬೆರಳೆಲುಬಿಗಿಂತ ಮೊದಲು ಕಣ್ಣಿಗೆ ಬೀಳುವುದು ಅವರ ಉಂಗುರ. “ಸರ, ಉಂಗುರ ತೆಗೀರಿ” ಎಂಬ ಪಾಠ ಆ ಚಿತ್ರದಲ್ಲೇ ಇತ್ತು. ಲೋಹವನ್ನು ಕಿರಣ ದಾಟಲಾರದು, ಅದರ ಹಿಂದೆ ಏನಿದ್ದರೂ ಮುಚ್ಚಿಹೋಗುತ್ತದೆ.

ಒಂದು ನೋಟ ಸಾಲದು

ಅಮ್ಮನ ಸರದಿ ಬಂತು. “ನಿಂತ್ಕೊಂಡೇ ತೆಗೀಬೇಕಮ್ಮ, ಐದು ನಿಮಿಷ ತಡ್ಕೊಳ್ಳಿ” ಎಂದರು ಟೆಕ್ನಿಷಿಯನ್. ನಿಲ್ಲುವುದೇ ಕಷ್ಟ ಎಂದು ಬಂದವಳಿಗೆ ಇದೆಂಥ ಶಿಕ್ಷೆ ಎನಿಸಿತು ನನಗೆ. ಕಾರಣ ಆಮೇಲೆ ತಿಳಿಯಿತು. ಮಂಡಿಯ ಮೆದು ಮೂಳೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ; ಎರಡು ಮೂಳೆಗಳ ನಡುವಿನ ಸಂದು ಎಷ್ಟು ಕಿರಿದಾಗಿದೆ ಎಂಬುದರಿಂದ ಸವೆತವನ್ನು ಊಹಿಸಬೇಕು. ಮಲಗಿದಾಗ ಆ ಸಂದು ಸಡಿಲಾಗಿ, ಸವೆದ ಮಂಡಿಯೂ ಚೆನ್ನಾಗಿರುವಂತೆ ತೋರಬಹುದು. ಮೈಭಾರ ಬಿದ್ದಾಗಲೇ ನಿಜ ಹೊರಬರುವುದು.

ಮುಂದಿನಿಂದ ಒಂದು ಚಿತ್ರ, ಪಕ್ಕದಿಂದ ಇನ್ನೊಂದು. ಕೈ ಮುರಿದು ಬಂದವರಿಗೂ ಹೀಗೆಯೇ. ಒಂದು ಕಡೆಯಿಂದ ನೋಡಿದರೆ ನೆಟ್ಟಗಿರುವ ಮೂಳೆ ಇನ್ನೊಂದು ಕಡೆಯಿಂದ ಬಾಗಿರಬಹುದು. ಗೋಡೆಯ ಬಿರುಕು ಓರೆಯಾಗಿ ನಿಂತಾಗ ಮಾತ್ರ ಕಾಣುವ ಹಾಗೆ. ನೋಯುವ ಕೈಯನ್ನು ಎರಡನೇ ಸಲ ತಿರುಗಿಸಲು ಹೇಳುವುದು ನಿರ್ದಯೆ ಅಲ್ಲ.

ಚಿತ್ರದ ಮೂಲೆಯಲ್ಲಿ ಸಣ್ಣದೊಂದು ‘ಆರ್’ ಅಥವಾ ‘ಎಲ್’ ಅಕ್ಷರ ಇರುವುದನ್ನು ಗಮನಿಸಿದ್ದೀರಾ? ಬಲ-ಎಡ ಗುರುತಿಸಲು ಟೆಕ್ನಿಷಿಯನ್ ಇಡುವ ಸೀಸದ ತುಂಡು ಅದು. ಎದೆಯ ಚಿತ್ರವನ್ನು ಹಿಂದುಮುಂದಾಗಿ ಹಿಡಿದರೆ ಹೃದಯ ಬಲಕ್ಕೆ ಬರುತ್ತದೆ. ಮಂಡಿಯ ಚಿತ್ರವನ್ನು ಹಾಗೆ ಹಿಡಿದರೆ ಅದು ಎಡವೋ ಬಲವೋ ಎಂದು ಖಚಿತವಾಗಿ ಹೇಳುವುದೇ ಕಷ್ಟ. ತಪ್ಪು ಕಾಲಿಗೆ ಶಸ್ತ್ರಚಿಕಿತ್ಸೆ ಆಗದಂತೆ ಕಾಯುವ ಮೊದಲ ಕಾವಲುಗಾರ ಆ ಅಕ್ಷರ.

ಹೋಳು ಹೋಳಾಗಿ ನೋಡುವ ಸಿಟಿ

ಎಕ್ಸ್‌ರೇಗೆ ಒಂದು ಮಿತಿಯಿದೆ. ಮೈಯಲ್ಲಿ ಹಿಂದೆ ಮುಂದೆ ಇರುವುದೆಲ್ಲ ಒಂದರ ಮೇಲೊಂದು ನೆರಳಾಗಿ ಬೀಳುತ್ತದೆ. ಇದನ್ನು ದಾಟಿದವರು ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಅವರು ಕೆಲಸ ಮಾಡುತ್ತಿದ್ದದ್ದು ಇಎಂಐ ಕಂಪನಿಯಲ್ಲಿ. ನಮ್ಮ ಅಜ್ಜಂದಿರ ಕಾಲದ ಗ್ರಾಮಫೋನ್ ತಟ್ಟೆಗಳ ಮೇಲೆ ನಾಯಿಯ ಚಿತ್ರವಿದ್ದ ಎಚ್‌ಎಂವಿ ಅದೇ ಕಂಪನಿಯದಾಗಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ಮಿದುಳಿನಲ್ಲಿ ಗಡ್ಡೆ ಇರಬಹುದೆಂದು ಶಂಕಿಸಿದ್ದ ಮಹಿಳೆಯೊಬ್ಬರ ತಲೆಯನ್ನು ಅವರ ಯಂತ್ರ ಮೊದಲ ಬಾರಿಗೆ ಹೋಳು ಹೋಳಾಗಿ ತೋರಿಸಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಇದೇ ದಾರಿಯಲ್ಲಿ ಕೆಲಸ ಮಾಡಿದ್ದ ಅಲನ್ ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಂತು.

ಸಿಟಿಯಲ್ಲಿ ಟ್ಯೂಬ್ ನಮ್ಮ ಸುತ್ತ ತಿರುಗುತ್ತದೆ. ಹೊಸ ಯಂತ್ರಗಳಲ್ಲಿ ಒಂದು ಸುತ್ತಿಗೆ ಅರ್ಧ ಸೆಕೆಂಡೂ ಬೇಡ. ಎಲ್ಲ ದಿಕ್ಕಿನಿಂದ ಸಿಕ್ಕ ನೆರಳುಗಳನ್ನು ಕಂಪ್ಯೂಟರ್ ಲೆಕ್ಕ ಹಾಕಿ, ಒಳಗಿನ ಒಂದೊಂದು ಚುಕ್ಕಿ ಕಿರಣವನ್ನು ಎಷ್ಟು ತಡೆಯಿತು ಎಂದು ಅಂಕ ಕೊಡುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಹೊಸದಾಗಿ ಸುರಿದ ರಕ್ತ ಮಿದುಳಿಗಿಂತ ಬೆಳ್ಳಗೆ ಕಾಣುತ್ತದೆ. ಲಕ್ವ ಹೊಡೆದವರನ್ನು ಮೊದಲು ಸಿಟಿಗೆ ಕರೆದೊಯ್ಯುವುದು ಇದಕ್ಕೇ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಲಕ್ವ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತ ಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣ ತೆಗೆದೀತು. ರಾತ್ರಿ ಎರಡಕ್ಕೆ ಎದ್ದು ಬಂದು ಆ ಎರಡರ ನಡುವಿನ ವ್ಯತ್ಯಾಸ ಕಾಣಿಸುವಂಥ ಚಿತ್ರ ತೆಗೆದುಕೊಡುವವರು ಟೆಕ್ನಿಷಿಯನ್.

ಕೆಲವರಿಗೆ ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಮದ್ದು ಕೊಟ್ಟು ಸಿಟಿ ಮಾಡುತ್ತಾರೆ. ಮದ್ದು ನೋಡಬೇಕಾದ ಜಾಗಕ್ಕೆ ತಲುಪುವ ಗಳಿಗೆಗೆ ಸರಿಯಾಗಿ ಸ್ಕ್ಯಾನ್ ನಡೆಯಬೇಕು. ಕೆಲವು ಸೆಕೆಂಡು ಹಿಂದುಮುಂದಾದರೂ ಚಿತ್ರ ಕೆಟ್ಟಿತು. “ಮೈಯೆಲ್ಲ ಬಿಸಿ ಅನ್ಸುತ್ತೆ, ಮೂತ್ರ ಹೋದ ಹಾಗೂ ಅನ್ಸುತ್ತೆ. ಹೋಗಿರಲ್ಲ, ಗಾಬರಿಯಾಗಿ ಅಲ್ಲಾಡ್ಬೇಡಿ” ಎಂದು ಅವರು ಮೊದಲೇ ಹೇಳಿಡುತ್ತಾರೆ. ಈ ಒಂದು ಮಾತು ಎಷ್ಟೋ ಸ್ಕ್ಯಾನ್‌ಗಳನ್ನು ಉಳಿಸಿದೆ. ಮೊದಲೇ ರಕ್ತದ ಕ್ರಿಯಾಟಿನಿನ್ ವರದಿ ಕೇಳುವುದು ಕಿಡ್ನಿ ಆ ಮದ್ದನ್ನು ಹೊರಹಾಕಬಲ್ಲುದೇ ಎಂದು ತಿಳಿಯಲು.

ಎಂಆರ್‌ಐ: ನೀರೊಳಗಿನ ಬುಗುರಿಗಳು

ಎಂಆರ್‌ಐನಲ್ಲಿ ಕ್ಷ-ಕಿರಣವೇ ಇಲ್ಲ. ಅಲ್ಲಿ ಕೆಲಸ ಮಾಡುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ನಮ್ಮ ಮೈಯ ಹೆಚ್ಚಿನ ಪಾಲು ನೀರು, ನೀರಿನಲ್ಲಿ ಹೈಡ್ರೋಜನ್. ಅದರ ಒಂದೊಂದು ನ್ಯೂಕ್ಲಿಯಸ್ಸೂ ಪುಟ್ಟ ಬುಗುರಿಯಂತೆ. ದೊಡ್ಡ ಅಯಸ್ಕಾಂತದೊಳಗೆ ಹೋದಾಗ ಈ ಬುಗುರಿಗಳಲ್ಲಿ ಕೊಂಚ ಹೆಚ್ಚಿನವು ಒಂದೇ ದಿಕ್ಕಿಗೆ ವಾಲುತ್ತವೆ. ತಕ್ಕ ಅಲೆಯೊಂದನ್ನು ಬಿಟ್ಟು ಅವನ್ನು ತಟ್ಟಿದರೆ ಓಲಾಡುತ್ತವೆ. ಮತ್ತೆ ನೆಲೆಗೆ ಬರುವಾಗ ಕ್ಷೀಣವಾದ ಸಂಕೇತ ಹೊರಡಿಸುತ್ತವೆ. ಕೊಬ್ಬಿನಲ್ಲಿ ಬೇಗ, ನೀರಿನಲ್ಲಿ ನಿಧಾನ, ಗಡ್ಡೆಯಲ್ಲಿ ಇನ್ನೊಂದು ಲಯ. ಆ ಲಯದ ವ್ಯತ್ಯಾಸವೇ ಚಿತ್ರ. ಇದನ್ನು ಸಾಧ್ಯವಾಗಿಸಿದ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಸಂದಿತು.

ಎದೆ ನಡುಗಿಸುವ ಆ ‘ಟಕ್ ಟಕ್’ ಸದ್ದು ಯಂತ್ರ ಕೆಟ್ಟದ್ದರ ಗುರುತಲ್ಲ. ಸಂಕೇತ ಮೈಯ ಯಾವ ಜಾಗದಿಂದ ಬಂತೆಂದು ತಿಳಿಯಲು ಒಳಗಿನ ತಂತಿಸುರುಳಿಗಳಲ್ಲಿ ವಿದ್ಯುತ್ತನ್ನು ಬೇಗ ಬೇಗ ಹಾಯಿಸಿ ನಿಲ್ಲಿಸುತ್ತಾರೆ, ಸುರುಳಿಗಳು ಅದುರುತ್ತವೆ. ಧ್ವನಿವರ್ಧಕದ ಒಳಗೆ ಆಗುವುದೂ ಇದೇ.

ಬಹುತೇಕ ಆಸ್ಪತ್ರೆಗಳ ಯಂತ್ರ 1.5 ಅಥವಾ 3 ಟೆಸ್ಲಾದ್ದು. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯ ಹತ್ತಿರ ತಣ್ಣಗಿಟ್ಟ ಈ ಅಯಸ್ಕಾಂತ ರಾತ್ರಿ, ಭಾನುವಾರ, ಸ್ಕ್ಯಾನ್ ಇಲ್ಲದಾಗ ಯಾವಾಗಲೂ ಜಾಗೃತ. 2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ ರೋಗಿಯ ಜೊತೆಗಿದ್ದವರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಈ ಕೋಣೆಗೆ ಹೋಗಿ, ಯಂತ್ರ ಸಿಲಿಂಡರನ್ನು ಸೆಳೆದುಕೊಂಡದ್ದರಿಂದ ಪ್ರಾಣ ಕಳೆದುಕೊಂಡರು. ಹಾಗಾಗಿ ಬಾಗಿಲಲ್ಲಿ ಕೇಳುವ ಪ್ರಶ್ನೆಗಳಿಗೆ ಬೇಸರಪಡಬಾರದು. ಪೇಸ್‌ಮೇಕರ್ ಇದೆಯೇ? ಮಿದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ? “ವೆಲ್ಡಿಂಗ್ ಕೆಲ್ಸ ಮಾಡ್ತೀರಾ? ಕಣ್ಣಿಗೆ ಯಾವತ್ತಾದ್ರೂ ಕಬ್ಬಿಣದ ಚೂರು ಬಿದ್ದಿತ್ತಾ?” ಕೊನೆಯ ಪ್ರಶ್ನೆ ವಿಚಿತ್ರವೆನಿಸೀತು. ವರ್ಷಗಳ ಹಿಂದೆ ಸಿಡಿದು ಕಣ್ಣಲ್ಲೇ ಉಳಿದ ಚೂರು ಅಯಸ್ಕಾಂತದ ಮುಂದೆ ಅಲುಗಿದರೆ ದೃಷ್ಟಿಯೇ ಹೋಗಬಹುದು.

ತಾಳಿ ತೆಗೆಯುವ ಮಾತು ಬಂದಾಗ ಅನೇಕ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಚಿನ್ನವನ್ನು ಅಯಸ್ಕಾಂತ ಸೆಳೆಯದು, ನಿಜ. ಆದರೆ ಸರದ ಕೊಂಡಿಯಲ್ಲಿ ಉಕ್ಕಿರಬಹುದು, ಲೋಹ ಬಿಸಿಯಾಗಬಹುದು, ಕುತ್ತಿಗೆಯ ಚಿತ್ರ ಕಲಕಬಹುದು. ಅನುಭವವುಳ್ಳ ಟೆಕ್ನಿಷಿಯನ್ ವಾದಕ್ಕಿಳಿಯುವುದಿಲ್ಲ. “ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕ್ಕೊಳ್ಳಿ ಅಕ್ಕ, ನಮ್ಮನೇಲೂ ಹಾಗೇ ಮಾಡೋದು” ಎನ್ನುತ್ತಾರೆ. ಇದು ಯಾವ ಪಠ್ಯಪುಸ್ತಕದ ಪಾಠವೂ ಅಲ್ಲ. ಜನರನ್ನು ನೋಡಿ ನೋಡಿ ಕಲಿತದ್ದು.

ಹೊಟ್ಟೆ ತುಂಬ ನೀರು ಯಾಕೆ?

ಜನರ ಬಾಯಲ್ಲಿ ಬರಿ ‘ಸ್ಕ್ಯಾನಿಂಗ್’ ಎಂದರೆ ಅಲ್ಟ್ರಾಸೌಂಡ್. ಇಲ್ಲಿ ಕೆಲಸ ಶಬ್ದದ್ದು; ಬಾವಿಗೆ ಕೂಗಿ ಪ್ರತಿಧ್ವನಿ ಕೇಳಿದಂತೆ. ಕಿವಿಗೆ ಕೇಳದಷ್ಟು ಎತ್ತರದ ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗಿ ತಟ್ಟಿ ಮರಳುತ್ತದೆ. ತಡವಾಗಿ ಬಂದ ಪ್ರತಿಧ್ವನಿ ಆಳದ್ದು. ಗಾಳಿ ಇದರ ವೈರಿ. ಚರ್ಮ ಮತ್ತು ಉಪಕರಣದ ನಡುವಿನ ಗಾಳಿ ತೆಗೆಯಲು ಜೆಲ್ ಹಚ್ಚುತ್ತಾರೆ. ಮೂತ್ರಕೋಶ ತುಂಬಿದ್ದರೆ ಗಾಳಿ ತುಂಬಿದ ಕರುಳು ಪಕ್ಕಕ್ಕೆ ಸರಿದು ಗರ್ಭಕೋಶಕ್ಕೆ ಕಿಟಕಿ ತೆರೆದಂತಾಗುತ್ತದೆ. ಪಿತ್ತಕೋಶ ನೋಡಬೇಕಾದರೆ ಖಾಲಿ ಹೊಟ್ಟೆ ಬೇಕು; ಉಂಡ ಕೂಡಲೇ ಅದು ಮುದುಡುತ್ತದೆ.

ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಮಾಡುವವರು ನೋಂದಾಯಿತ ವೈದ್ಯರು. 1994ರ ಕಾಯಿದೆಯಂತೆ ಭ್ರೂಣದ ಲಿಂಗ ಹೇಳುವುದೂ ಕೇಳುವುದೂ ಅಪರಾಧ. ಗೋಡೆಯ ಮೇಲಿನ ಆ ಫಲಕ ಇರುವುದು ಅದಕ್ಕೇ.

ವಿಕಿರಣದ ಲೆಕ್ಕ

“ಎಕ್ಸ್‌ರೇ ತೆಗೆಸಿದರೆ ಮೈಗೆ ಕೆಟ್ಟದ್ದಲ್ಲವೇ?” ಮಣ್ಣು, ಕಲ್ಲು, ಆಕಾಶ, ಅನ್ನದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ಹೇಗೂ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇಯದ್ದು 0.1 ಅಥವಾ ಅದಕ್ಕೂ ಕಡಿಮೆ. ಹೊಟ್ಟೆಯ ಸಿಟಿಯದ್ದು 8ರಿಂದ 10ರ ಸುಮಾರು. ಹಾಗಾಗಿ ಬೇಕಾದ ಎಕ್ಸ್‌ರೇಗೆ ಹೆದರಬೇಕಿಲ್ಲ. “ಒಂದು ಸಿಟಿ ಮಾಡ್ಸೇಬಿಡಿ ಡಾಕ್ಟ್ರೇ” ಎಂದು ನಾವಾಗಿಯೇ ಒತ್ತಾಯಿಸಲೂ ಬಾರದು. ಸ್ವಿಚ್ ಆರಿದೊಡನೆ ಕಿರಣವೂ ಆರುತ್ತದೆ. ಕೋಣೆಯಲ್ಲಾಗಲಿ ಮೈಯಲ್ಲಾಗಲಿ ಉಳಿಯುವುದಿಲ್ಲ. ಎಂಆರ್‌ಐ, ಅಲ್ಟ್ರಾಸೌಂಡ್‌ನಲ್ಲಿ ಈ ವಿಕಿರಣವೇ ಇಲ್ಲ.

ಹಾಗಿದ್ದರೆ ಟೆಕ್ನಿಷಿಯನ್ ಮಾತ್ರ ಸೀಸದ ಗಾಜಿನ ಹಿಂದೆ ಓಡುವುದೇಕೆ? ನಮಗೆ ಅದು ಒಂದು ಸಲ. ಅವರಿಗೆ ದಿನಕ್ಕೆ ಹತ್ತಾರು ಸಲ, ಮೂವತ್ತು ವರ್ಷ. ಎದುರಿಗೆ ಅಡ್ಡವಿಲ್ಲದ ವಾರ್ಡಿನಲ್ಲಿ “ಎಕ್ಸ್‌ರೇ!” ಎಂದು ಕೂಗಿ ತಾವೂ ದೂರ ಸರಿಯುತ್ತಾರೆ. ಒಂದು ಮೀಟರ್‌ನಿಂದ ಎರಡು ಮೀಟರ್‌ಗೆ ಸರಿದರೆ ತಗಲುವುದು ಅರ್ಧವಲ್ಲ, ಕಾಲು ಭಾಗ. ಪುಟ್ಟ ಮಗುವನ್ನು ಹಿಡಿದುಕೊಳ್ಳಲು ಅಪ್ಪನಿಗೋ ಅಮ್ಮನಿಗೋ ಸೀಸದ ಏಪ್ರನ್ ತೊಡಿಸಿ ನಿಲ್ಲಿಸುವುದೂ ‘ಒಂದು ಸಲ, ಹತ್ತಾರು ಸಲ’ ಎಂಬ ಅದೇ ಲೆಕ್ಕದಿಂದ.

ಅವರ ಎದೆಯ ಮೇಲೆ ಗುರುತಿನ ಚೀಟಿಯಂಥದೊಂದು ಪಟ್ಟಿ ಇರುತ್ತದೆ: ಟಿಎಲ್‌ಡಿ ಬ್ಯಾಡ್ಜ್. ಒಳಗಿನ ಪದಾರ್ಥ ತಗಲಿದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಬಿಸಿ ಮಾಡಿದಾಗ ಬೆಳಕಾಗಿ ಬಿಡುತ್ತದೆ. ಬೆಳಕು ಹೆಚ್ಚಾದಷ್ಟೂ ತಗಲಿದ್ದು ಹೆಚ್ಚು. ಮೂರು ತಿಂಗಳಿಗೊಮ್ಮೆ ಅದನ್ನು ಅಳೆಯಲು ಕಳಿಸುತ್ತಾರೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು. ಯಾವ ಒಂದು ವರ್ಷದಲ್ಲೂ 30 ಮೀರಬಾರದು.

ಈ ಎಚ್ಚರವನ್ನು ಜೀವ ತೆತ್ತು ಕಲಿಯಲಾಗಿದೆ. ಕಿರಣ ಎಷ್ಟು ತೀಕ್ಷ್ಣವಾಗಿದೆ ಎಂದು ತಮ್ಮ ಕೈಯನ್ನೇ ಒಡ್ಡಿ ಪರೀಕ್ಷಿಸುತ್ತಿದ್ದ ಕಾಲವಿತ್ತು. ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡಾಲಿ ಕೈಗಳನ್ನು ಕಳೆದುಕೊಂಡು 1904ರಲ್ಲಿ ತೀರಿಕೊಂಡರು. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಆವರಣದಲ್ಲಿ ಇಂಥವರಿಗಾಗಿ ಸ್ಮಾರಕ ನಿಂತಾಗ ಅದರಲ್ಲಿ 169 ಹೆಸರುಗಳಿದ್ದವು.

“ಏನಿದೆ ಸಾರ್?”

ಸ್ಕ್ಯಾನ್ ಮುಗಿದು ಇಳಿಯುವಾಗ ಎಲ್ಲರೂ ಕೇಳುವ ಪ್ರಶ್ನೆ ಇದು. “ಡಾಕ್ಟ್ರು ಹೇಳ್ತಾರೆ” ಎಂಬುದು ಎಲ್ಲರಿಗೂ ಸಿಗುವ ಉತ್ತರ. ಇಲ್ಲಿ ಇಬ್ಬರು ಬೇರೆ ಬೇರೆ ಜನ ಇದ್ದಾರೆ. ಚಿತ್ರ ತೆಗೆಯುವವರು ರೇಡಿಯೋಗ್ರಾಫರ್ ಅಥವಾ ಇಮೇಜಿಂಗ್ ಟೆಕ್ನಾಲಜಿಸ್ಟ್. ಡಿಪ್ಲೊಮಾ ಇಲ್ಲವೇ ಬಿ.ಎಸ್ಸಿ. ಇಮೇಜಿಂಗ್ ಓದಿದವರು. ಚಿತ್ರ ಓದಿ ವರದಿ ಬರೆಯುವವರು ರೇಡಿಯಾಲಜಿಸ್ಟ್. ಎಂಬಿಬಿಎಸ್ ಮುಗಿಸಿ ಇದರಲ್ಲೇ ಉನ್ನತ ವ್ಯಾಸಂಗ ಮಾಡಿದ ವೈದ್ಯರು. ಅನೇಕ ಊರುಗಳಲ್ಲಿ ರೇಡಿಯಾಲಜಿಸ್ಟ್ ಇಲ್ಲವೇ ಇಲ್ಲ. ಚಿತ್ರ ತಂತಿಯ ಮೇಲೆ ಬೆಂಗಳೂರಿಗೋ ಇನ್ನೆಲ್ಲಿಗೋ ಹೋಗಿ ವರದಿಯಾಗಿ ಬರುತ್ತದೆ. ಅಲ್ಲಿ ಕೂತವರು ರೋಗಿಯನ್ನು ನೋಡಿಲ್ಲ. ಈ ಇಬ್ಬರಲ್ಲಿ ರೋಗಿಯ ಮೈ ಮುಟ್ಟಿ, ಎಲ್ಲಿ ನೋವೆಂದು ಕೇಳಿ ಬರೆದವರು ಟೆಕ್ನಿಷಿಯನ್ ಒಬ್ಬರೇ.

ಗಂಭೀರವಾದದ್ದು ಪರದೆಯ ಮೇಲೆ ಮೊದಲು ಕಾಣುವುದೂ ಅವರಿಗೇ. ಆಗ ಮುಖಭಾವ ಬದಲಿಸದೆ “ಆಯ್ತು ಎದ್ದೇಳಿ” ಎಂದು, ಒಳಗೆ ಹೋಗಿ ಡಾಕ್ಟರಿಗೆ ಫೋನು ಮಾಡುತ್ತಾರೆ. ಅರೆಬರೆ ಹೇಳಿ ಹೆದರಿಸುವ ಹಕ್ಕು ತಮಗಿಲ್ಲ ಎಂಬ ತಿಳಿವು ಆ ಮೌನದಲ್ಲಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಕಾಯಿದೆಯೊಂದು ಇವರ ವೃತ್ತಿಯನ್ನೂ ಇತರ ಸಹವೈದ್ಯಕೀಯ ವೃತ್ತಿಗಳನ್ನೂ ರಾಷ್ಟ್ರೀಯ ಆಯೋಗದ ಅಡಿಗೆ ತಂದಿದೆ.

ಹೋಗುವ ಮುನ್ನ

• ಗರ್ಭಿಣಿಯಾಗಿದ್ದರೆ, ಆಗಿರಬಹುದೆಂಬ ಅನುಮಾನವಿದ್ದರೂ, ಕೋಣೆಗೆ ಕಾಲಿಡುವ ಮುಂಚೆ ಹೇಳಿ.
• ಹಳೆಯ ಚಿತ್ರಗಳನ್ನು ಒಯ್ಯಿರಿ. ಹೊಸದು ಯಾವುದು, ಹಳೆಯದು ಯಾವುದು ಎಂದು ಹೋಲಿಸಲು ಅವೇ ಆಧಾರ.
• ಉಡಿದಾರ, ತಾಯಿತ, ಕಾಲುಂಗುರ, ಸೀರೆಯ ಪಿನ್ನು, ಹೇರ್‌ಪಿನ್ ಮನೆಯಲ್ಲೇ ಬಿಚ್ಚಿಡಿ.
• ಕಾಂಟ್ರಾಸ್ಟ್ ಇದ್ದರೆ ಅಲರ್ಜಿ, ಆಸ್ತಮಾ, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಷಯ ಮುಚ್ಚಿಡಬೇಡಿ.
• ಮೈಯೊಳಗೆ ರಾಡು, ಸ್ಟೆಂಟು, ಕ್ಲಿಪ್ ಏನಿದ್ದರೂ ಅದರ ಕಾಗದ ಜೊತೆಗಿರಲಿ.
• ಇಕ್ಕಟ್ಟಿನ ಜಾಗಕ್ಕೆ ಹೆದರುವವರಾದರೆ ನಾಚಿಕೊಳ್ಳದೆ ಹೇಳಿ. ಎಂಆರ್‌ಐನಲ್ಲಿ ಕೈಗೆ ಕೊಡುವ ರಬ್ಬರ್ ಬುರುಡೆ ಒತ್ತಿದರೆ ಹೊರಗಿರುವವರಿಗೆ ಕೇಳಿಸುತ್ತದೆ.
• ನೋವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಚೀಟಿಯಲ್ಲಿ ‘ಕಾಲು’ ಎಂದಷ್ಟೇ ಬರೆದಿರಬಹುದು.

ಅಮ್ಮನ ಫಿಲ್ಮಿಗಾಗಿ ಮತ್ತೆ ಅದೇ ಬೆಂಚಿನ ಮೇಲೆ ಕೂತಿದ್ದೆವು. ಯಜಮಾನರ ಫಿಲ್ಮ್ ಮೊದಲು ಬಂತು. ಟೆಕ್ನಿಷಿಯನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೋಡಿ, ಮೊಣಕೈ ಮುಂದೆ ತಂದ್ರಲ್ಲ, ರೆಕ್ಕೆ ಮೂಳೆ ಎರಡೂ ಆಚೆ ಹೋಗಿವೆ. ಇನ್ನೊಂದು ಸಲ ತೆಗೆಯೋದು ತಪ್ತು” ಎಂದರು. ರೋಗದ ಬಗ್ಗೆ ಒಂದಕ್ಷರ ಆಡಲಿಲ್ಲ.

ಯಜಮಾನರು ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಬೆಂಚಿನ ತುದಿಯಲ್ಲಿ ಕೆಮ್ಮುತ್ತಾ ಕೂತಿದ್ದ ಹುಡುಗನಿಗೆ, “ನೋಡಪ್ಪಾ, ಗುಂಡಿ ಈಗ್ಲೇ ಬಿಚ್ಕೊಂಡಿರು. ಒಳಗೆ ಮೊಣಕೈ ಚೆನ್ನಾಗಿ ಮುಂದಕ್ಕೆ ತಗೋಬೇಕು, ರೆಕ್ಕೆ ಮೂಳೆ ಅಡ್ಡ ಬರ್ತದೆ” ಎಂದು ತಮ್ಮ ಕೈಗಳನ್ನೇ ಸೊಂಟಕ್ಕಿಟ್ಟು ತೋರಿಸಿದರು. ಹುಡುಗ ಕೂತಲ್ಲೇ ಒಮ್ಮೆ ಮಾಡಿ ನೋಡಿದ.